ಹೊಳೆಯುವ ಚಕ್ರಕ್ಕೆ ನಾಲ್ಕು ಓಟು

ಕಾಂಗರೂ ದೇಶದ ಲಿವರ್‌ಪೂಲಿನಲ್ಲಿದ್ದ ಡಾಕ್ಟರ್ ಲಕ್ಷ್ಮೀನಾರಾಯಣರ ಮನೆಯಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಹಾಕಬೇಕೋ ಬೇಡವೋ ಎನ್ನುವುದೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಓಟಿನಿಂದಲೇ ತೀರ್ಮಾನವಾಗುತ್ತಿತ್ತು. ಉಪ್ಪಿಟ್ಟಿನ ಖಾತೆ ಅವರ ತಾಯಿ ಅಹಲ್ಯಮ್ಮನವರದು, ಅದರಲ್ಲಿ ಯಾರೂ ಬಾಯಿ ಹಾಕುವ ಹಾಗಿರಲಿಲ್ಲ. ಉಳಿದದ್ದಕ್ಕೆಲ್ಲ ಭಾನುವಾರ ಊಟವಾದ ಮೇಲೆ ಮೇಜಿನ ಮಧ್ಯೆ ಒಂದು ಸ್ಟೀಲ್ ಲೋಟ ಬರುತ್ತಿತ್ತು, ಅದರಲ್ಲಿ ಐದು ಚೀಟಿ ಬೀಳುತ್ತಿದ್ದವು. ಡಾಕ್ಟರು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಜನರಿಗೆ ಅರಿವಳಿಕೆ ಕೊಡುವವರು. ಅಲ್ಲಿ ಯಾರನ್ನೂ ಕೇಳದೆ ಮಲಗಿಸಿಬಿಡುತ್ತಾರಲ್ಲ, ಆ ಪಾಪ ಕಳೆದುಕೊಳ್ಳಲಿಕ್ಕೋ ಏನೋ, ಮನೆಗೆ ಬಂದರೆ ಎಲ್ಲರ ಅಭಿಪ್ರಾಯವೂ ಬೇಕು. ಕನ್ನಡ ಸಂಘಕ್ಕೆ ಎರಡು ವರ್ಷ ಕಾರ್ಯದರ್ಶಿಯಾಗಿದ್ದ ಮೇಲಂತೂ ಈ ಬಹುಮತದ ಹುಚ್ಚು ಪೂರ್ತಿ ನೆತ್ತಿಗೇರಿತ್ತು.

ಈ ಪ್ರಜಾಪ್ರಭುತ್ವದಲ್ಲಿ ಸೋಲುವವಳು ಯಾವಾಗಲೂ ಪದ್ಮಿನಿ. ಡಾಕ್ಟರ ಹೆಂಡತಿ, ನಲವತ್ಮೂರು ವರ್ಷ, ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವಳು ನೀಲಿ ಸೋಫಾ ಅಂದರೆ ಮನೆಗೆ ಕಂದು ಸೋಫಾ ಬರುತ್ತಿತ್ತು. ಸಮುದ್ರದ ಕಡೆ ಹೋಗೋಣ ಅಂದರೆ ಎಲ್ಲರೂ ಬೆಟ್ಟದ ಕಡೆ ಹೋಗಿ ನೆಗಡಿ ಹಿಡಿಸಿಕೊಂಡು ಬರುತ್ತಿದ್ದರು. ಬೇಕೆಂದು ಯಾರೂ ಅವಳ ವಿರುದ್ಧ ಓಟು ಹಾಕುತ್ತಿರಲಿಲ್ಲ. ಹದಿನೆಂಟರ ಕುಶಾಲನಿಗೆ ಅವನ ರುಚಿ, ಹದಿನೈದರ ಇಂಚರಾಳಿಗೆ ಅವಳ ರುಚಿ, ಅತ್ತೆಗೆ ಮಗ ಹೇಳಿದ್ದೇ ರುಚಿ. ಪದ್ಮಿನಿ ಲೆಕ್ಕದ ಹೆಂಗಸು, ಒಂದು ನಾಲ್ಕಕ್ಕಿಂತ ಚಿಕ್ಕದು ಎಂದು ಒಪ್ಪಿಕೊಂಡು ಪಾತ್ರೆ ಎತ್ತಿಡುತ್ತಿದ್ದಳು.

ಹೀಗಿರುವಾಗ ತೊಂಬತ್ತೆರಡನೆಯ ಇಸವಿ ಆಗಸ್ಟ್‌ನಲ್ಲಿ ಪದ್ಮಿನಿ ಯಾರನ್ನೂ ಕೇಳದೆ ಒಂದು ಕಾರು ತಂದಳು.

ಪಕ್ಕದ ಮನೆಯ ಡೊರೀನ್ ಮುದುಕಿಯ ಗ್ಯಾರೇಜಿನಲ್ಲಿ ಏಳು ವರ್ಷದಿಂದ ಧೂಳು ತಿನ್ನುತ್ತಿದ್ದ ಹೋಲ್ಡನ್ ಮೊನಾರೊ ಅದು. ಎಪ್ಪತ್ತೆರಡರ ಮಾಡೆಲ್, ಎರಡೇ ಬಾಗಿಲು, ಎಂಟು ಸಿಲಿಂಡರಿನ ಎಂಜಿನ್, ಮೈಯೆಲ್ಲ ಅರಿಶಿನದ ಬಣ್ಣ, ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟಿ. ಡೊರೀನಳ ಗಂಡ ರಾನ್ ಆಸೆಪಟ್ಟು ಕೊಂಡು ಮೂರೇ ವರ್ಷ ಓಡಿಸಿ ತೀರಿಕೊಂಡಿದ್ದ. ಈಗ ಡೊರೀನಳಿಗೂ ಕಣ್ಣು ಮಂಜಾಗಿ, ಮೆಲ್ಬರ್ನಿನ ಮಗಳು ಬಂದು ಕರೆದುಕೊಂಡು ಹೋದಳು. ಹೊರಡುವ ದಿನ ಮುದುಕಿ ಹೆಸರಿಗೊಂದು ಬೆಲೆ ಹೇಳಿ ಬೀಗದ ಕೈ ಪದ್ಮಿನಿಯ ಅಂಗೈಯಲ್ಲಿಟ್ಟಳು. ಅಕ್ಟೋಬರ್ ಕೊನೆಯ ಶನಿವಾರ ತನಗೆ ಎಂಬತ್ತು ತುಂಬುತ್ತದೆ, ಆ ದಿನ ಈ ಕಾರು ತನ್ನ ಮಗಳ ಮನೆ ಮುಂದೆ ಬಂದು ನಿಲ್ಲಬೇಕು ಅಂದಳು. ಪದ್ಮಿನಿ ಆಗಲಿ ಎಂದು ಮಾತು ಕೊಟ್ಟಳು.

ಮನೆಯವರಿಗೆ ಮೊದಲು ದಿಗಿಲಾಯಿತು, ಆಮೇಲೆ ಹಿಗ್ಗಾಯಿತು. ಕುಶಾಲ್ ಆಗ ತಾನೇ ಎಂಜಿನಿಯರಿಂಗ್ ಸೇರಿದ್ದವನು, ಅವನು ಎರಡು ದಿನ ಬಾನೆಟ್ಟಿನೊಳಗಿಂದ ತಲೆಯನ್ನೇ ಹೊರಗೆ ತೆಗೆಯಲಿಲ್ಲ. ಅಹಲ್ಯಮ್ಮ ಅರಿಶಿನದ ಬಣ್ಣ ಶುಭ ಎಂದು ಒಪ್ಪಿದರು. ಆದರೆ ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಿಸಿ, ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ನುಗ್ಗಬೇಕು ಎಂದು ತಿಳಿದಾಗ, ಇದೇನು ಕಾರೋ ಇಲಿ ಬೋನೋ ಅಂದರು. ಡಾಕ್ಟರು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಕಾರು ತಂದದ್ದಕ್ಕಲ್ಲ, ಓಟು ಹಾಕಿಸದೆ ತಂದದ್ದಕ್ಕೆ.

ಮೆಕ್ಯಾನಿಕ್ ಎಂಜಿನ್ ಕೆಲಸ ಮುಗಿಸಿಕೊಟ್ಟ. ಉಳಿದದ್ದು ಚಕ್ರ. ಟೈರುಗಳು ನಿಂತಲ್ಲೇ ಒಣಗಿ ಬಿರುಕು ಬಿಟ್ಟಿದ್ದವು, ಒಳಗಿನ ಉಕ್ಕಿನ ರಿಮ್ಮುಗಳಲ್ಲಿ ಎರಡು ಸೊಟ್ಟ, ಎರಡಕ್ಕೆ ತುಕ್ಕು. ನಾಲ್ಕೂ ಬದಲಾಯಿಸದೆ ರಿಜಿಸ್ಟ್ರೇಷನ್ ಆಗುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದ. ಒಂದು ಶನಿವಾರ ಐದು ಜನವೂ ಮನೆಯ ಕ್ಯಾಮ್ರಿ ಹತ್ತಿಕೊಂಡು ಸ್ಟಾವ್ರೊಸ್ ಎಂಬವನ ಟೈರ್ ಅಂಗಡಿಗೆ ಹೋದರು. ಮದುವೆ ಸೀರೆ ಆರಿಸುವುದಕ್ಕೂ ಮೈಸೂರಿನಲ್ಲಿ ಅಷ್ಟು ಜನ ಹೋಗಿರಲಿಲ್ಲ ಎಂದು ಅಹಲ್ಯಮ್ಮ ದಾರಿಯುದ್ದಕ್ಕೂ ಹೇಳಿದರು.

ಸ್ಟಾವ್ರೊಸ್ ಗ್ರೀಕಿನವನು, ಮಾತುಗಾರ. ಗೋಡೆಗೆ ನೇತುಹಾಕಿದ್ದ ಒಂದು ಚಕ್ರವನ್ನು ಇಳಿಸಿ ತೋರಿಸಿದ. ಐದು ಕಡ್ಡಿಯದು, ಹದಿನೈದು ಇಂಚು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ಅಗಲವಾದ ಟೈರು ಹಾಕಿದರೆ ಕಾರು ಹುಲಿಯ ಹಾಗೆ ಕೂರುತ್ತದೆ ಅಂದ. ಕುಶಾಲನ ಬಾಯಲ್ಲಿ ನೀರೂರಿತು. ಇಂತಹ ಮ್ಯಾಗ್ಸ್ ಹಾಕಿಸಿದರೆ ಯೂನಿವರ್ಸಿಟಿಯಲ್ಲಿ ತನ್ನ ಮರ್ಯಾದೆಯೇ ಬೇರೆ ಎಂದು ಅಪ್ಪನಿಗೆ ವಿವರಿಸತೊಡಗಿದ.

ಅಹಲ್ಯಮ್ಮ ಬೆರಳಿನಿಂದ ಚಕ್ರವನ್ನು ತಟ್ಟಿ ನೋಡಿದರು.

"ಇದ್ಯಾವ ಲೋಹ, ಮಗು?"

"ಅಲಾಯ್, ಅಜ್ಜಿ. ಆಲ್ಮೋಸ್ಟ್ ಪೂರ್ತಿ ಅಲ್ಯೂಮಿನಿಯಂ."

"ಇಷ್ಟು ದುಡ್ಡು ಸುರಿದು ಅಲ್ಯೂಮಿನಿಯಂ ತಗೋಬೇಕಾ? ನಮ್ಮ ಕಾಲದಲ್ಲಿ ಹಾಸ್ಟೆಲ್‌ನೋರು ಅದ್ರಲ್ಲಿ ಸಾರು ಕಾಯಿಸ್ತಿದ್ರು."

ಪದ್ಮಿನಿ ಅಷ್ಟರಲ್ಲಿ ಅಂಗಡಿಯ ಮೂಲೆಗೆ ಹೋಗಿ, ಸಾದಾ ಹದಿನಾಲ್ಕು ಇಂಚಿನ ಉಕ್ಕಿನ ರಿಮ್ಮುಗಳು ಸಿಗುತ್ತವೆಯೇ ಎಂದು ಕೇಳುತ್ತಿದ್ದಳು. ಕಪ್ಪು ಬಣ್ಣ ಹೊಡೆದು ಮೇಲೆ ಹಬ್‌ಕ್ಯಾಪ್ ಮುಚ್ಚುವಂಥವು, ಕಾರು ಫ್ಯಾಕ್ಟರಿಯಿಂದ ಬಂದಾಗ ಇದ್ದಂಥವು. ಹೊಸದು ಸಿಗಲ್ಲ, ಹಳೇ ಕಾರು ಬಿಚ್ಚಿ ಮಾರುವವರ ಯಾರ್ಡಿನಲ್ಲಿ ಹುಡುಕಬೇಕು, ಆದರೆ ಯಾರು ಹಾಕಿಸುತ್ತಾರೆ ಅದನ್ನು, ಎಂದು ಸ್ಟಾವ್ರೊಸ್ ಅನುಕಂಪದಿಂದ ನೋಡಿದ. ಮಕ್ಕಳೂ ಹಾಗೇ ನೋಡಿದರು.

ಆ ವಾರ ಪದ್ಮಿನಿ ತನ್ನ ವಾದವನ್ನು ಅಂಕಿಗಳಲ್ಲಿ ಕಟ್ಟಿದಳು. ಒಂಬತ್ತನೇ ಕ್ಲಾಸಿನವರಿಗೆ ಎರಡು ಟೈರುಗಳ ಗಾತ್ರ ಕೊಟ್ಟು ವ್ಯಾಸ ಕಂಡುಹಿಡಿಯಿರಿ ಎಂದಳು. ಕ್ಲಾಸಿನಲ್ಲಿ ಮಲಗುವ ಹುಡುಗರೂ ಎದ್ದು ಕೂತು ಲೆಕ್ಕ ಮಾಡಿದರು. ದೊಡ್ಡ ಚಕ್ರ ಎಂಟು ಮಿಲಿಮೀಟರ್ ಎತ್ತರ. ಮೆಲ್ಬರ್ನಿಗೆ ಹೋಗುವಷ್ಟರಲ್ಲಿ ಕಾರಿನ ಮೀಟರು ಹನ್ನೊಂದು ಕಿಲೋಮೀಟರ್ ಕಡಿಮೆ ತೋರಿಸುತ್ತದೆ. ಟೈರು ಎರಡು ಸೆಂಟಿಮೀಟರ್ ಅಗಲ ಜಾಸ್ತಿ, ಕಾರಿಗೆ ಪವರ್ ಸ್ಟಿಯರಿಂಗ್ ಇಲ್ಲ, ನಿಂತಲ್ಲಿ ತಿರುಗಿಸಬೇಕಾದರೆ ತೋಳು ಬಿದ್ದುಹೋಗುತ್ತದೆ. ಭಾನುವಾರ ಬಿಸಿಬೇಳೆಬಾತ್ ಊಟವಾದ ಮೇಲೆ ಇಷ್ಟನ್ನೂ ಹಾಳೆಯಲ್ಲಿ ಬರೆದು ಎಲ್ಲರ ಮುಂದಿಟ್ಟಳು.

ಡಾಕ್ಟರು ಹಾಳೆಯನ್ನು ಗೌರವದಿಂದ ಓದಿದರು. ಪದ್ಮಿನಿಯ ಲೆಕ್ಕ ನೂರಕ್ಕೆ ನೂರು ಸರಿ ಎಂದು ಎಲ್ಲರೆದುರು ಒಪ್ಪಿದರು. ಒಪ್ಪಿ ಲೋಟ ಮುಂದಿಟ್ಟರು.

ಗುಪ್ತ ಮತದಾನ ಅಂತ ಹೆಸರು, ಆದರೆ ಆ ಮನೆಯಲ್ಲಿ ಯಾರ ಅಕ್ಷರ ಯಾರಿಗೆ ಗೊತ್ತಿರಲಿಲ್ಲ? ಮೂರು ಚೀಟಿಗಳಲ್ಲಿ ಇಂಗ್ಲಿಷಿನಲ್ಲಿ ಮ್ಯಾಗ್ಸ್ ಎಂದಿತ್ತು. ಒಂದರಲ್ಲಿ ಗಣಿತದ ಟೀಚರ ಅಚ್ಚುಕಟ್ಟಾದ ಅಕ್ಷರದಲ್ಲಿ ಸ್ಟೀಲ್ ಎಂದಿತ್ತು. ಐದನೆಯದರಲ್ಲಿ ದುಂಡಗಿನ ಕನ್ನಡದಲ್ಲಿ "ಹೊಳೆಯೋದು" ಎಂದು ಬರೆದಿತ್ತು.

"ಫೋರ್ ಟು ವನ್," ಅಂದ ಕುಶಾಲ್.

ಪದ್ಮಿನಿ ಹಾಳೆ ಮಡಿಸಿಕೊಂಡು ಪಾತ್ರೆ ಎತ್ತಿದಳು. ಸೋಫಾ ಕಂದಾದಾಗ ಅವಳಿಗೆ ಬೇಜಾರಾಗಿರಲಿಲ್ಲ, ಬೆಟ್ಟದಲ್ಲಿ ನೆಗಡಿಯಾದಾಗಲೂ ಆಗಿರಲಿಲ್ಲ. ಈ ಸಲ ಆಯಿತು. ಸಿಂಕಿನ ಮುಂದೆ ನಿಂತು ಬಿಸಿಬೇಳೆಬಾತಿನ ತಳ ಉಜ್ಜುತ್ತ ಉಜ್ಜುತ್ತ ಕಣ್ಣು ತುಂಬಿಕೊಂಡಿತು. ಇಡೀ ಮನೆಯಲ್ಲಿ ಒಂದೇ ಒಂದು ವಸ್ತು ತಾನಾಗಿ ತಂದದ್ದು, ಅದಕ್ಕೂ ಚೀಟಿ ಹಾಕಿಬಿಟ್ಟರಲ್ಲ ಎಂದು ಅವಳಿಗೆ ದುಃಖ.

ಮರುವಾರವೇ ಸ್ಟಾವ್ರೊಸ್ ಚಕ್ರ ಕೂರಿಸಿದ. ಕಾರು ಚೆನ್ನಾಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೀದಿಯಲ್ಲಿ ನಾಯಿ ತಿರುಗಾಡಿಸುವವರೆಲ್ಲ ನಿಂತು ನೋಡಿ ಹೋಗುತ್ತಿದ್ದರು. ಡಾಕ್ಟರು ಹಿಡಿಸಲಾರದಷ್ಟು ಸಂತೋಷದಿಂದ ಎರಡು ರೋಲು ಫೋಟೋ ತೆಗೆದರು. ಪದ್ಮಿನಿ ಸ್ಕೂಲಿನ ಪಾರ್ಕಿಂಗಿನಲ್ಲಿ ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ, ಸಂಜೆ ಮನೆಗೆ ಬಂದು ಭುಜಕ್ಕೆ ಅಮೃತಾಂಜನ ಹಚ್ಚಿಕೊಳ್ಳುತ್ತಿದ್ದಳು.

ಅಮೃತಾಂಜನದ ವಾಸನೆ ಅಹಲ್ಯಮ್ಮನವರ ಮೂಗಿಗೆ ಬಡಿಯದೆ ಇದ್ದೀತೇ? ಅವರಿಗೆ ಎಪ್ಪತ್ತೊಂದು. ಗಂಡ ಹೋದ ಮೇಲೆ ಐದು ವರ್ಷದ ಹಿಂದೆ ಮೈಸೂರಿನಿಂದ ಮಗನ ಮನೆಗೆ ಬಂದವರು. ಒಂದು ಸಂಜೆ ಪದ್ಮಿನಿ ಚಪಾತಿ ಲಟ್ಟಿಸುತ್ತಿದ್ದಳು, ಅವರು ಒಲೆಯ ಮುಂದೆ ನಿಂತು ಬೇಯಿಸುತ್ತಿದ್ದರು. ಬೆಳಿಗ್ಗೆ ಕಂಬಳಿ ಬಿಸಿಲಿಗೆ ಹಾಕಲಿಕ್ಕೆ ಹೋದಾಗ ಮಂಚದ ಕೆಳಗೆ ಒಂದು ಹಳೇ ಸೀರೆಯಲ್ಲಿ ಸುತ್ತಿಟ್ಟ ನಾಲ್ಕು ತಟ್ಟೆ ಸಿಕ್ಕವು, ಊಟದ ತಟ್ಟೆಯಲ್ಲ, ಅವೇನು ಎಂದು ಕೇಳಿದರು.

"ಹಬ್‌ಕ್ಯಾಪು ಅತ್ತೆ. ಹಳೇ ಚಕ್ರದ ಮೇಲಿದ್ದವು. ಹೊಸದಕ್ಕೆ ಕೂರಲ್ಲ."

"ಕೂರದ್ದನ್ನ ಸೀರೇಲಿ ಸುತ್ತಿ ಯಾಕಿಟ್ಟಿದ್ದೀಯ?"

ಆಗ ಪದ್ಮಿನಿ ಹೇಳಿದಳು. ಎಪ್ಪತ್ತಾರನೆಯ ಇಸವಿ. ಕುಶಾಲನಿಗೆ ಎರಡು ವರ್ಷ, ಕಿವಿನೋವು, ಮೈ ಸುಡುವ ಜ್ವರ. ಡಾಕ್ಟರಿಗೆ ಆಸ್ಪತ್ರೆಯಲ್ಲಿ ಒಂದೂವರೆ ದಿನದ ಡ್ಯೂಟಿ. ಊರಿಗೆಲ್ಲ ಡಾಕ್ಟರು, ಸ್ವಂತ ಮಗುವಿಗೆ ಇಲ್ಲ. ಜನವರಿಯ ಬಿಸಿಲಿನಲ್ಲಿ ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು ಕ್ಲಿನಿಕ್ಕಿಗೆ ನಡೆದು ಹೊರಟಿದ್ದಾಗ ಡೊರೀನ್ ನೋಡಿದಳು. ಇದೇ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕೂರಿಸಿಕೊಂಡು ಬಂದಳು. ಮಾರನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿ, ಇನ್ನು ಮೇಲೆ ನೀನೇ ಓಡಿಸು, ಅಂದಳು. ಆದರೆ ಸ್ಟಿಯರಿಂಗ್ ಮುಟ್ಟುವ ಮೊದಲು ಒಂದು ಚಕ್ರ ಬಿಚ್ಚಿ ಮತ್ತೆ ಹಾಕಬೇಕು ಎಂದು ಹಟ ಹಿಡಿದಳು. ಪದ್ಮಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರಿನ ಮೇಲೆ ಹತ್ತಿ ನಿಂತು ನಟ್ಟು ಸಡಿಲ ಮಾಡಿದಳು. ಲೈಸೆನ್ಸಿನ ಟೆಸ್ಟಿನ ದಿನ ಪರೀಕ್ಷೆ ಮಾಡುವವನು ಬರುವಷ್ಟರಲ್ಲಿ ಬೆವರಿಗೆ ಕುಂಕುಮ ಇಳಿದುಹೋಗಿತ್ತು. ಡೊರೀನ್ ಹಬ್‌ಕ್ಯಾಪ್ ತೋರಿಸಿ, ಇಲ್ಲಿ ನೋಡಿಕೊಂಡು ಸರಿಮಾಡಿಕೋ ಅಂದಳು. ಪದ್ಮಿನಿ ರಸ್ತೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಾರಿನ ಚಕ್ರದಲ್ಲಿ ಮುಖ ನೋಡಿಕೊಂಡು ಕುಂಕುಮ ತಿದ್ದಿಕೊಂಡಳು. ಪಾಸಾದಳು.

"ಅದಕ್ಕೇ ಅತ್ತೆ. ಡೊರೀನ್‌ಗೆ ಕಣ್ಣು ಅರ್ಧ ಕಾಣಲ್ಲ. ಅವಳ ಕಾರನ್ನ ಅವಳು ನೋಡಿದ ಹಾಗೇ ತಗೊಂಡು ಹೋಗ್ಬೇಕು ಅಂತಿತ್ತು."

ಚಪಾತಿ ಹೊತ್ತಿದ ವಾಸನೆ ಬಂತು. ಅಹಲ್ಯಮ್ಮ ಅದನ್ನು ತೆಗೆದು ಪಕ್ಕಕ್ಕೆ ಹಾಕಿದರು.

"ಇದನ್ನ ಅವತ್ತು ಊಟದ ಮೇಜಿನ ಹತ್ರ ಹೇಳ್ಬಾರದಾಗಿತ್ತಾ? ಎಂಟು ಮಿಲಿಮೀಟರು, ಹನ್ನೊಂದು ಕಿಲೋಮೀಟರು ಅಂತ ಏನೇನೋ ಹೇಳಿದೆ."

"ಯಾವುದು ಬೇಕು ಅಂತ ಎಲ್ಲಾ ಕೇಳಿದ್ರು. ಯಾಕೆ ಬೇಕು ಅಂತ ಯಾರು ಕೇಳಿದ್ರು ಅತ್ತೆ?"

ಅಹಲ್ಯಮ್ಮ ಇನ್ನೊಂದು ಚಪಾತಿ ಕಾವಲಿಗೆ ಹಾಕಿದರು. ಆ ದಿನ ಊಟಕ್ಕೆ ಕೂತಾಗ ಮಗನಿಗೆ ಎರಡನೆಯ ಸಲ ತುಪ್ಪ ಹಾಕಲಿಲ್ಲ. ಡಾಕ್ಟರು ತಟ್ಟೆ ಮುಂದಕ್ಕೆ ಸರಿಸಿ ಸರಿಸಿ ಸಾಕಾಗಿ ಸುಮ್ಮನಾದರು.

ಅಕ್ಟೋಬರ್ ಮೊದಲ ವಾರ ಆಯುಧ ಪೂಜೆ ಬಂತು. ಹೊಸ ಚಕ್ರದ ಕಾರಿಗೆ ಮೊದಲ ಪೂಜೆ, ಬೂದುಗುಂಬಳಕಾಯಿಗಾಗಿ ಡಾಕ್ಟರು ಮೂರು ಸಬರ್ಬು ಸುತ್ತಿದ್ದರು. ಬೆಳಿಗ್ಗೆ ಪದ್ಮಿನಿ ಇಂಚರಾಳನ್ನು ಕ್ಯಾಮ್ರಿಯಲ್ಲಿ ಕರೆದುಕೊಂಡು ಸೇವಂತಿಗೆ ಹೂವು, ನಿಂಬೆಹಣ್ಣು ತರಲು ಹೋದಳು. ಅವರು ಬರುವಷ್ಟರಲ್ಲಿ ಕಾರು ತೊಳೆದಿಡುತ್ತೇನೆ ಎಂದು ಅಹಲ್ಯಮ್ಮ ತಾವಾಗಿ ಹೇಳಿದರು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ಹಬ್ಬದ ಹಿಂದಿನ ದಿನವೇ ದೀಪ, ತಂಬಿಗೆ, ಗಂಟೆ ಎಲ್ಲ ತೊಳೆದು ಸಾಲಾಗಿ ಜೋಡಿಸಿದ್ದವರು ಅವರೇ.

ಹನ್ನೊಂದು ಗಂಟೆಗೆ ಪದ್ಮಿನಿ ವಾಪಸು ಬಂದಾಗ ಡ್ರೈವ್‌ವೇಯಲ್ಲಿ ಅತ್ತೆ ಮಣೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಬಕೆಟ್ಟು, ಉಪ್ಪಿನ ಡಬ್ಬ, ಒಂದು ಬೋಗುಣಿ ತುಂಬ ಕಿವಿಚಿದ ಹುಣಸೆಹಣ್ಣು. ನಾಲ್ಕು ಚಕ್ರಗಳಿಗೂ ಗಟ್ಟಿಯಾಗಿ ಮೆತ್ತಿ, ಬಿಸಿಲಿಗೆ ಒಣಗಲು ಬಿಟ್ಟು, ಈಗ ಕೊನೆಯದನ್ನು ತೊಳೆಯುತ್ತಿದ್ದರು. ಕನ್ನಡಿಯ ಹಾಗಿದ್ದ ಚಕ್ರಗಳು ಹಳೇ ಸಂತೆಯ ಕೊಳಗದ ಹಾಗೆ ಬೂದಿಗಟ್ಟಿ, ಅಲ್ಲಲ್ಲಿ ಕಪ್ಪು ತೇಪೆ ಹಾಕಿದಂತೆ ಕಾಣುತ್ತಿದ್ದವು. ಡಾಕ್ಟರು ಗ್ಯಾರೇಜಿನ ಬಾಗಿಲಲ್ಲಿ ಬೂದುಗುಂಬಳಕಾಯಿ ಹಿಡಿದುಕೊಂಡು ನಿಂತಿದ್ದರು. ಕುಶಾಲ್ ಚಕ್ರದ ಮುಂದೆ ಮಂಡಿಯೂರಿ ಸತ್ತವರ ಮನೆಗೆ ಬಂದವನ ಹಾಗೆ ಕೂತಿದ್ದ.

"ಹಿತ್ತಾಳೆ ದೀಪ ತೊಳೆದ ಹಾಗೇ ತೊಳೆದೆ," ಅಂದರು ಅಹಲ್ಯಮ್ಮ. "ಏನೋ ಮಂಕಾಯ್ತಪ್ಪ. ನನಗೇನು ಗೊತ್ತು ಈ ಊರಿನ ಲೋಹ."

ಹೆತ್ತ ತಾಯಿಯನ್ನು, ಅದೂ ಹಬ್ಬದ ದಿನ, ಗದರುವುದು ಹೇಗೆ? ಡಾಕ್ಟರು ಕುಂಬಳಕಾಯಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು. ಇರಲಿ ಬಿಡಮ್ಮ, ಅಂದರು. ಏನು ಮಾಡೋಣ ಅಂತ ಈಗ ಓಟು ಹಾಕೋಣವಾ ಎಂದು ಇಂಚರಾ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು. ಯಾರೂ ನಗಲಿಲ್ಲ. ಪದ್ಮಿನಿ ಮಾತ್ರ ಹೂವಿನ ಚೀಲ ಕೆಳಗಿಟ್ಟು, ಮುಖ ಆ ಕಡೆ ತಿರುಗಿಸಿಕೊಂಡಳು. ಅಳುತ್ತಿದ್ದಾಳೆ ಎಂದು ಡಾಕ್ಟರು ಗಾಬರಿಯಾದರು. ಅವಳಿಗೆ ಬಂದಿದ್ದು ನಗು. ಅಷ್ಟು ದುಡ್ಡಿನ ಚಕ್ರ ಹಾಳಾಗಿರುವಾಗ ನಗು ಬರುತ್ತಿದೆಯಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

ಪೂಜೆ ನಿಲ್ಲಲಿಲ್ಲ. ಚಕ್ರಗಳ ಮೇಲೆ ಸೇವಂತಿಗೆ ಹಾರ ಇಳಿಬಿಟ್ಟು ಕಲೆ ಮುಚ್ಚಿದರು. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು, ಪದ್ಮಿನಿ ಕಾರನ್ನು ಮುಂದಕ್ಕೆ ಬಿಟ್ಟಳು, ನಾಲ್ಕೂ ಹಣ್ಣು ಒಟ್ಟಿಗೆ ಒಡೆದವು. ಮಧ್ಯಾಹ್ನ ಹೋಳಿಗೆಯನ್ನು ಎಲ್ಲರಿಗಿಂತ ಹೆಚ್ಚು ತಿಂದವಳೂ ಅವಳೇ.

ಮಂಗಳವಾರ ಸ್ಟಾವ್ರೊಸ್ ಚಕ್ರ ನೋಡಿ ತಲೆ ಕೆರೆದುಕೊಂಡ. ಅಂಗಡಿ ಇಟ್ಟು ಇಪ್ಪತ್ತು ವರ್ಷವಾಯಿತು, ಬ್ಯಾಟರಿ ಆಸಿಡ್ ಬಿದ್ದದ್ದು ನೋಡಿದ್ದೇನೆ, ಸಾರಿಗೆ ಹಾಕುವ ಹುಳಿ ಬಿದ್ದದ್ದು ಇದೇ ಮೊದಲು ಅಂದ. ಕೆಟ್ಟಿರುವುದು ಮೇಲಿನ ಹೊಳಪು ಮಾತ್ರ, ಪಾಲಿಷ್ ಹಾಕಿಸಿದರೆ ಹೊಸದರ ಹಾಗಾಗುತ್ತದೆ, ಆದರೆ ಪಾಲಿಷ್ ಮಾಡುವವನಿಗೆ ಒಂದೂವರೆ ತಿಂಗಳು ಬಿಡುವಿಲ್ಲ. ಡೊರೀನಳ ಹುಟ್ಟುಹಬ್ಬಕ್ಕೆ ಉಳಿದಿದ್ದದ್ದು ಮೂರೂವರೆ ವಾರ. ಆ ಮಸಿ ಹಿಡಿದ ಚಕ್ರ ಹಾಕಿಕೊಂಡು ಮೆಲ್ಬರ್ನಿಗೆ ಹೋಗುವುದು ಕುಶಾಲನ ಮರ್ಯಾದೆಗೂ ಕುಂದು, ಡಾಕ್ಟರ ಮರ್ಯಾದೆಗೂ ಕುಂದು.

ಆ ರಾತ್ರಿ ಊಟಕ್ಕೆ ಡಾಕ್ಟರು ಅಭ್ಯಾಸಬಲದಿಂದ ಸ್ಟೀಲ್ ಲೋಟಕ್ಕೆ ಕೈ ಹಾಕಿದರು. ಅಹಲ್ಯಮ್ಮ ಅದಕ್ಕೆ ಮಜ್ಜಿಗೆ ಸುರಿದುಬಿಟ್ಟರು.

"ಕುಡಿ. ಕಾರು ಅವಳದು, ಚಕ್ರ ಅವಳು ತರ್ತಾಳೆ. ನಾನೂ ಜೊತೇಲಿ ಹೋಗ್ತೀನಿ."

ಶನಿವಾರ ಅತ್ತೆ ಸೊಸೆ ಇಬ್ಬರೇ ಹಳೇ ಕಾರುಗಳ ಯಾರ್ಡಿಗೆ ಹೋದರು. ಕಾಂಚೀಪುರದ ಸೀರೆ, ಸ್ವೆಟರು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂಸು ಹಾಕಿಕೊಂಡ ಅಹಲ್ಯಮ್ಮ ತುಕ್ಕು ಹಿಡಿದ ಕಾರುಗಳ ಮಧ್ಯೆ ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ನಡೆದರು. ರಿಮ್ಮುಗಳನ್ನು ನೆಲದ ಮೇಲೆ ಉರುಳಿಸಿ ಸೊಟ್ಟ ಇದೆಯೇ ನೋಡಬೇಕು ಎಂದು ಪದ್ಮಿನಿ ತೋರಿಸಿಕೊಟ್ಟಳು. ಓಲಾಡದೆ ನೆಟ್ಟಗೆ ಹೋದರೆ ಒಳ್ಳೆಯದು. ಅಹಲ್ಯಮ್ಮ ಆ ತುದಿಯಲ್ಲಿ ನಿಂತು, ಬಂದ ಚಕ್ರವನ್ನು ಹಿಡಿದು, ಇದು ಬೇಡ, ಇದು ಆಗಬಹುದು ಎಂದು ವಿಂಗಡಿಸಿದರು. ಒಂಬತ್ತು ಉರುಳಿಸಿ ನಾಲ್ಕು ಆರಿಸಿದರು. ಐದನೆಯದೊಂದನ್ನು ಸ್ಟೆಪ್ನಿಗೆ ಎಂದು ಯಾರ್ಡಿನವನ ಹತ್ತಿರ ಚೌಕಾಸಿ ಮಾಡಿ ಪುಕ್ಕಟೆಯಾಗಿ ಪಡೆದವರು ಅಹಲ್ಯಮ್ಮನೇ. ಅವನಿಗೆ ಅವರ ಕನ್ನಡ ತಿಳಿಯಲಿಲ್ಲ, ಆದರೆ ಮುಖದ ಮೇಲಿದ್ದದ್ದು ತಿಳಿಯಿತು.

ಕುಶಾಲ್ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ತಡೆಯಲಾರದೆ ತಾನೇ ಬಂದು ರಿಮ್ಮುಗಳ ತುಕ್ಕು ಉಜ್ಜಿ, ಕಪ್ಪು ಬಣ್ಣ ಹೊಡೆದ. ಸ್ಟಾವ್ರೊಸ್ ಒಳ್ಳೆಯವನು, ಹೆಚ್ಚು ಓಡದ ಅಗಲದ ಟೈರುಗಳನ್ನು ವಾಪಸು ತೆಗೆದುಕೊಂಡು ಹದಿನಾಲ್ಕು ಇಂಚಿನವು ಕೊಟ್ಟ. ಅಲಾಯ್ ಚಕ್ರಗಳು ಪಾಲಿಷ್ ಆಗಿ ಬಂದ ಮೇಲೆ ತನ್ನ ಅಂಗಡಿಯಲ್ಲೇ ಮಾರಿಕೊಡುತ್ತೇನೆ ಅಂದ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಹಲ್ಯಮ್ಮ ಮಂಚದ ಕೆಳಗಿನ ಗಂಟು ಬಿಚ್ಚಿ ನಾಲ್ಕು ಹಬ್‌ಕ್ಯಾಪುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಇಂಚರಾ ತುಂಟತನದಿಂದ ಹುಣಸೆಹಣ್ಣಿನ ಡಬ್ಬ ತಂದು ಮುಂದಿಟ್ಟಳು.

"ಇದಕ್ಕೆ ಅದು ಬೇಡ," ಅಂದರು ಅಜ್ಜಿ ತಲೆಯೆತ್ತದೆ. "ಒಣ ಬಟ್ಟೆ ಸಾಕು."

ಶುಕ್ರವಾರ ಬೆಳಗ್ಗೆ ಹೊರಟರು. ಮುಂದೆ ಮೊನಾರೊದಲ್ಲಿ ಪದ್ಮಿನಿ, ಪಕ್ಕದಲ್ಲಿ ಅಹಲ್ಯಮ್ಮ, ಇಲಿ ಬೋನಿನಲ್ಲಿ ಇಂಚರಾ. ಹಿಂದೆ ಕ್ಯಾಮ್ರಿಯಲ್ಲಿ ಡಾಕ್ಟರು ಮತ್ತು ಕುಶಾಲ್, ಪುಳಿಯೋಗರೆ, ಮೊಸರನ್ನ, ಕೋಡುಬಳೆ, ಎರಡು ಫ್ಲಾಸ್ಕ್ ಕಾಫಿ. ಹ್ಯೂಮ್ ಹೈವೇಯಲ್ಲಿ ಕಾರು ಬೆಣ್ಣೆಯಲ್ಲಿ ಕತ್ತಿ ಆಡಿದ ಹಾಗೆ ಹೋಯಿತು. ಲಾರಿಯವರು ಹಾರ್ನ್ ಹೊಡೆದು ಕೈಬೀಸಿದರೆ ಅಹಲ್ಯಮ್ಮ ಕಿಟಕಿಯಿಂದ ನಮಸ್ಕಾರ ಮಾಡಿದರು. ಆಲ್ಬರಿಯಲ್ಲಿ ಮೋಟೆಲಿನಲ್ಲಿ ಉಳಿದು, ಶನಿವಾರ ಮಧ್ಯಾಹ್ನದ ಹೊತ್ತಿಗೆ ಮೆಲ್ಬರ್ನಿನ ಕ್ಲೇಟನ್‌ನಲ್ಲಿದ್ದ ಮಗಳ ಮನೆ ಮುಟ್ಟಿದರು.

ಹಾರ್ನ್ ಹೊಡೆಯಬೇಕಾಗಲಿಲ್ಲ. ಎಂಜಿನ್ ಶಬ್ದಕ್ಕೇ ಡೊರೀನ್ ಕೋಲೂರಿಕೊಂಡು ಹೊರಗೆ ಬಂದಳು, ಹಿಂದೆ ಕೇಕಿನ ಕತ್ತಿ ಹಿಡಿದುಕೊಂಡು ಮಗಳು ಶಿರ್ಲಿ ಓಡಿಬಂದಳು. ಮುದುಕಿ ಬಾನೆಟ್ಟಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈ ತೆಗೆಯದೆ ಸವರಿಕೊಂಡೇ ಮುಂದಿನ ಚಕ್ರದ ಹತ್ತಿರ ಬಂದಳು. ಶಿರ್ಲಿ ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ, ಅವಳ ತೋಳು ಹಿಡಿದು ಮೆಲ್ಲಗೆ ಕುಕ್ಕರಿಸಿದಳು. ಹಬ್‌ಕ್ಯಾಪಿಗೆ ಮೂಗು ತಾಗುವಷ್ಟು ಬಗ್ಗಿ, ಅದರಲ್ಲಿ ನೋಡಿಕೊಂಡು ಹಣೆಯ ಮೇಲಿನ ಬಿಳಿ ಕೂದಲು ಹಿಂದಕ್ಕೆ ಸರಿಸಿದಳು.

"ಮಿನ್ನಿ," ಎಂದಳು. ಪದ್ಮಿನಿಯನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ. "ಬಾ, ನಿನ್ನ ಚುಕ್ಕೆ ನೆಟ್ಟಗಿದೆಯಾ ನೋಡ್ಕೋ."

ಪದ್ಮಿನಿ ಪಕ್ಕದಲ್ಲಿ ಕೂತಳು. ಇಬ್ಬರ ಮುಖಗಳೂ ಆ ತಟ್ಟೆಯಲ್ಲಿ ಅಗಲವಾಗಿ ಸೊಟ್ಟಗೆ ಕಂಡವು. ಪದ್ಮಿನಿಗೆ ಈ ಸಲ ನಿಜವಾಗಿ ಅಳು ಬಂತು, ಮುಚ್ಚಿಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಡಾಕ್ಟರಿಗೆ ಅಹಲ್ಯಮ್ಮ ಆ ಟೆಸ್ಟಿನ ದಿನದ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಿದರು. ಕುಂಕುಮದ ಕಥೆ ಅವರಿಗೆ ಗೊತ್ತೇ ಇರಲಿಲ್ಲ. ಹದಿನಾರು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಲು ಹೋಗಿ, ಅಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಹಿತ್ತಲಲ್ಲಿ ಮೇಜು ಹಾಕಿದ್ದರು. ಒಂದು ಕಡೆ ಶಿರ್ಲಿಯ ಗಂಡ ಸಾಸೇಜು ಸುಡುತ್ತಿದ್ದ, ಇನ್ನೊಂದು ಕಡೆ ಅಹಲ್ಯಮ್ಮ ಪುಳಿಯೋಗರೆಯ ದೊಡ್ಡ ಸ್ಟೀಲ್ ಡಬ್ಬ ಬಿಚ್ಚಿದರು. ಅದನ್ನು ಎಲ್ಲರಿಗೂ ಹಂಚಲು ಸುಲಭವಾಗಲಿ ಎಂದು ಶಿರ್ಲಿ ಒಳಗಿನಿಂದ ಬೆಳ್ಳಿಯ ಹಾಗೆ ಹೊಳೆಯುವ ಫಾಯಿಲ್ ತಟ್ಟೆಗಳ ಕಟ್ಟು ತಂದು ಬಿಚ್ಚಿ, ಒಂದನ್ನು ಮುಂದೆ ಹಿಡಿದಳು. ಅಹಲ್ಯಮ್ಮ ಸೌಟನ್ನು ಹಿಂದಕ್ಕೆ ಎಳೆದುಕೊಂಡರು.

"ನೋ, ನೋ," ಅಂದರು, ತಮ್ಮ ಇಂಗ್ಲಿಷಿನಲ್ಲಿ, ಇಡೀ ಹಿತ್ತಲಿಗೆ ಕೇಳುವ ಹಾಗೆ. "ದಿಸ್ ಅಲ್ಯೂಮಿನಿಯಂ. ಟ್ಯಾಮರಿಂಡ್ ಪುಟ್, ಫುಲ್ ಸ್ಪಾಯಿಲ್. ಎವರಿಬಡಿ ನೋಸ್."

ಮನೆಯವರೆಲ್ಲ ಇದ್ದಲ್ಲೇ ನಿಂತರು. ಕುಶಾಲನ ಕೈಯಲ್ಲಿದ್ದ ಕೋಡುಬಳೆ ಬಾಯಿಯ ಹತ್ತಿರವೇ ಉಳಿಯಿತು. ಇಂಚರಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು.

"ಅಮ್ಮಾ," ಅಂದರು ಡಾಕ್ಟರು. "ನಿನಗೆ ಗೊತ್ತಿತ್ತಾ?"

ಅಹಲ್ಯಮ್ಮ ಸ್ಟೀಲ್ ಡಬ್ಬದ ಮುಚ್ಚಳವನ್ನೇ ತಟ್ಟೆ ಮಾಡಿಕೊಂಡು ಪುಳಿಯೋಗರೆ ಹಾಕತೊಡಗಿದರು. ಐವತ್ತು ವರ್ಷ ಅಡುಗೆಮನೆ ನಡೆಸಿದ ಹೆಂಗಸು ಮಗನ ಮುಖವನ್ನೂ ನೋಡಲಿಲ್ಲ, ಸೊಸೆಯ ಮುಖವನ್ನೂ ನೋಡಲಿಲ್ಲ.

"ನನ್ನ ಓಟು ಒಂದು ಸಲ ತಪ್ಪು ಬಿದ್ದಿತ್ತು ಕಣೋ," ಅಂದರು. "ತೊಳೆದು ತೆಗೆದೆ."

ಆಮೇಲೆ ಮುಚ್ಚಳವನ್ನು ಪದ್ಮಿನಿಯ ಕೈಗೆ ಕೊಟ್ಟು, ಮೊದಲು ಹುಟ್ಟುಹಬ್ಬದವಳಿಗೆ ಕೊಡು, ಕಡಲೆಬೀಜ ಜಾಸ್ತಿ ಇರುವ ಕಡೆ ಕೊಡು ಅಂದರು.